ಜೋರು ಪಿನ್ನು

ಶಶಿಪ್ರಭಾಳ ಸ್ವರ ನಮ್ಮ ಮನೆಯಲ್ಲಿ ಒಂದೇ ಒಂದು ಗ್ರಾಮಫೋನ್ ಪ್ಲೇಟಿನಲ್ಲಿ ಉಳಿದಿತ್ತು. ಮದರಾಸಿನ ಕಂಪೆನಿಯವರು ಮಂಗಳೂರಿಗೆ ಬಂದಿದ್ದಾಗ ಅವಳಿಂದ ಹಾಡಿಸಿ, ಪರೀಕ್ಷೆಗೆಂದು ತೆಗೆದ ಪ್ಲೇಟನ್ನು ಆಮೇಲೆ ಅಂಚೆಯಲ್ಲಿ ಕಳಿಸಿದ್ದರು. ಅದು ಕೈಸೇರುವ ಮೊದಲೇ ಹುಡುಗಿ ವಿಷಮಜ್ವರದಲ್ಲಿ ತೀರಿಕೊಂಡಿದ್ದಳು. ಯುದ್ಧದ ಗಲಾಟೆಯಲ್ಲಿ ಕಂಪೆನಿಯೂ ಮುಚ್ಚಿಹೋಯಿತು, ಪ್ಲೇಟಿನ ಮೂಲ ಅಚ್ಚು ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ಆ ಪ್ಲೇಟು ಹಾಳಾದರೆ ನನ್ನ ಅಕ್ಕ ಸ್ವರ್ಣಲತಾಳಿಗೆ ಮಗಳು ಇನ್ನೊಮ್ಮೆ ಸತ್ತ ಹಾಗೆ.

ಪ್ಲೇಟು ಬಂದ ಮೇಲೆ ಅದನ್ನು ಕೇಳುವುದಕ್ಕೊಂದು ಯಂತ್ರ ಬೇಕಲ್ಲ. ಹಂಚಿನ ಕಾರ್ಖಾನೆಯ ದೊರೆಯೊಬ್ಬ ಊರು ಬಿಡುವಾಗ ಅವನ ಸಾಮಾನು ಏಲಂ ಆಯಿತು. ನಮ್ಮ ಅಣ್ಣ ಮಹಾಬಲ ಅಲ್ಲಿಂದ ಒಂದು ಹಳೆಯ ಗ್ರಾಮಫೋನನ್ನು ಎತ್ತಿನ ಗಾಡಿಯಲ್ಲಿ ದೇರೆಬೈಲಿನ ನಮ್ಮ ಮನೆಗೆ ತಂದ. ನಮ್ಮದು ಹೆಣ್ಣಿನ ಕಡೆಯಿಂದ ನಡೆಯುವ ಮನೆತನ. ಆಸ್ತಿ ಅಕ್ಕತಂಗಿಯರಾದ ನಮ್ಮದು, ಯಜಮಾನಿಕೆ ಅಣ್ಣನದು. ಅಣ್ಣನಿಗೆ ತಿಳಿಯದ ವಿಷಯ ಈ ಲೋಕದಲ್ಲಿ ಯಾವುದೂ ಇರಲಿಲ್ಲ, ಗ್ರಾಮಫೋನು ಸೇರಿ.

ಯಂತ್ರದ ಜೊತೆ, ಪ್ಲೇಟಿನ ಗೆರೆಯಲ್ಲಿ ಓಡುವ ಉಕ್ಕಿನ ಪಿನ್ನು ಒಂದು ಡಬ್ಬಿ ಬಂದಿತ್ತು. ಸವೆದ ಪಿನ್ನು ಪ್ಲೇಟನ್ನು ಕೆರೆಯುವುದರಿಂದ ಒಂದನ್ನು ಪ್ಲೇಟಿನ ಒಂದು ಬದಿಗೆ ಮಾತ್ರ ಬಳಸಿ ಬಿಸಾಡಬೇಕೆನ್ನುವುದು ನಿಯಮ. ದೊರೆ ಮಹಾ ಜಿಪುಣ, ಹಳತನ್ನೂ ಹೊಸತನ್ನೂ ಒಂದೇ ಡಬ್ಬಿಯಲ್ಲಿ ಹಾಕಿಟ್ಟಿದ್ದ. ಅಕ್ಕ ಒಂದೊಂದನ್ನೂ ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿ ಆರಿಸುತ್ತಿದ್ದಳು. ನಯವಾಗಿ ಜಾರಿದರೆ ಹೊಸತು, ಗೀರಿದರೆ ಹಳತು. ಸಣ್ಣ ಸ್ವರದ ತೆಳ್ಳನೆಯ ಪಿನ್ನುಗಳು ಬೇಗ ಮುಗಿದವು. ಉಳಿದದ್ದು ಜೋರು ಸ್ವರದ ದಪ್ಪ ಪಿನ್ನುಗಳು, ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ. ಬಂದರಿನ ಮೊಯ್ದೀನಬ್ಬನ ಅಂಗಡಿಯಲ್ಲಿ ಕೇಳಿದರೆ ಯುದ್ಧ ಮುಗಿಯದೆ ಮಾಲು ಬರುವುದಿಲ್ಲ ಎಂದ.

ಪ್ಲೇಟಿನ ಮೇಲೆ ಕೂರುವ ಸೌಂಡ್ ಬಾಕ್ಸ್ ಹೆಣಭಾರದ್ದು, ಅದರೊಳಗಿನ ರಬ್ಬರು ಒಣಗಿ ಕಲ್ಲಾಗಿತ್ತು. ಅದಕ್ಕೆ ಜೋರು ಪಿನ್ನು ಸಿಕ್ಕಿಸಿ ಬೇರೆ ಯಾವುದೋ ಪ್ಲೇಟು ಹಾಕಿ ನೋಡಿದಾಗ ಗೆರೆಗಳ ಮೇಲೆ ಬೂದಿಯಂಥ ಪುಡಿ ಎದ್ದಿತು. ಅದನ್ನು ಕಂಡ ಮೇಲೆ ಅಕ್ಕ ಮಗಳ ಪ್ಲೇಟಿಗೆ ಉಕ್ಕು ತಾಗಿಸಲಿಲ್ಲ. ಬೇಲಿಯ ಕರಂಡೆ ಗಿಡದ ಮುಳ್ಳನ್ನು ಒಣಗಿಸಿ, ತುದಿ ಕೆತ್ತಿ ಸಿಕ್ಕಿಸುತ್ತಿದ್ದಳು. ಮುಳ್ಳಿನ ಸ್ವರ ಬಹಳ ಸಣ್ಣದು, ಪೆಟ್ಟಿಗೆಗೆ ಕಿವಿ ಆನಿಸಿದರೆ ಮಾತ್ರ ಕೇಳುತ್ತಿತ್ತು. ಅವಳಿಗೆ ಅಷ್ಟೇ ಸಾಕಾಗಿತ್ತು.

ಅಷ್ಟರಲ್ಲಿ ಮಳೆಗಾಲದ ಆಟಿ ತಿಂಗಳು ಬಂತು. ಆಟಿಯಲ್ಲಿ ಸತ್ತವರಿಗೆ, ಎಂದರೆ ಕುಲೆಗಳಿಗೆ, ಬಡಿಸುವ ಕ್ರಮ ನಮ್ಮಲ್ಲಿ ಉಂಟು. ಒಳಕೋಣೆಯಲ್ಲಿ ದೀಪ ಇಟ್ಟು, ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಬಾಗಿಲು ಎಳೆದುಕೊಂಡು ಹೊರಗೆ ಕಾಯಬೇಕು. ಅವರು ಉಂಡು ಏಳುವ ಮೊದಲು ಬಾಗಿಲು ತೆಗೆದರೆ ಕುಲೆ ಅರ್ಧ ಊಟದಲ್ಲಿ ಎದ್ದುಹೋಗಿ ವರ್ಷವಿಡೀ ಹಸಿದು ಮನೆಯ ಸುತ್ತ ಅಲೆಯುತ್ತದೆ. ಶಶಿಗೆ ಅದು ಮೊದಲ ಆಟಿ. ಜ್ವರಕ್ಕೆ ಅನ್ನ ಕೂಡದೆಂದು ವೈದ್ಯರು ಹೇಳಿದ್ದರಿಂದ ಅವಳಿಗೆ ಕೊನೆಯವರೆಗೂ ಗಂಜಿಯ ತಿಳಿ ಮಾತ್ರ ಕೊಟ್ಟಿದ್ದೆವು. ಅನ್ನ ಅನ್ನ ಎಂದು ಅಳುತ್ತಲೇ ಹೋದಳು. ಅಕ್ಕ ಅದನ್ನು ಒಂದು ದಿನವೂ ಮರೆತಿರಲಿಲ್ಲ.

ಇಷ್ಟವಾದದ್ದನ್ನು ಇಡುವುದಾದರೆ ಹಾಡನ್ನೂ ಇಡಬೇಕು ಎಂದು ಅಣ್ಣ ಹೇಳಿದ. ಅಕ್ಕ ಒಪ್ಪಿ ಹೊಸ ಮುಳ್ಳು ಕೆತ್ತಿಟ್ಟಳು. ಸಂಜೆ ಅನ್ನ, ಕೋಳಿ ಸಾರು, ರೊಟ್ಟಿ ಎಲ್ಲ ಬಡಿಸಿ ಆದ ಮೇಲೆ ನೋಡಿದರೆ ಅಣ್ಣನ ಕೈಯಲ್ಲಿ ಡಬ್ಬಿಯ ಜೋರು ಪಿನ್ನು.

"ಅದು ಬೇಡ ಅಣ್ಣ, ಪ್ಲೇಟು ತಿನ್ತದೆ," ಎಂದಳು ಅಕ್ಕ.

"ಮುಳ್ಳಿನ ಸ್ವರ ನಮಗೇ ಕೇಳುವುದಿಲ್ಲ. ಆ ಲೋಕದಲ್ಲಿರುವವಳಿಗೆ ಕೇಳುವುದು ಹೇಗೆ? ಒಂದು ಸಲಕ್ಕೆ ಎಂತ ಆಗ್ತದೆ?"

ಉಗುರಿನ ಮೇಲೆ ಎಳೆದು ನೋಡುವುದಕ್ಕೂ ಅವನು ಬಿಡಲಿಲ್ಲ. ನಮ್ಮನ್ನು ಹೊರಗೆ ಕಳಿಸಿ, ಪೂರ್ತಿ ಕೀ ಕೊಟ್ಟು, ಪಿನ್ನು ಇಳಿಸಿ, ತಾನೂ ಹೊರಗೆ ಬಂದು ಬಾಗಿಲು ಎಳೆದ.

ಹಾಡು ಶುರುವಾಯಿತು. ಅಷ್ಟು ಜೋರಾಗಿ ಅವಳ ಸ್ವರವನ್ನು ನಾವು ಯಾರೂ ಕೇಳಿರಲಿಲ್ಲ. ಅಡುಗೆಯ ದೇಯಿ ಸೆರಗು ಬಾಯಿಗಿಟ್ಟುಕೊಂಡು ಗೋಡೆಗೆ ಒರಗಿದಳು. ಸಂಜೆಯ ದೀಪಕ್ಕೆ ಬರುವೆ ತಾಯೇ ಎಂಬ ಸಾಲು ಬಂತು, ಮುಂದಕ್ಕೆ ಹೋಗಲಿಲ್ಲ. ಬರುವೆ, ಬರುವೆ, ಬರುವೆ ಎಂದು ಅದೊಂದೇ ಮಾತು ಬಾಗಿಲಿನ ಆಚೆಯಿಂದ ಬರತೊಡಗಿತು.

ಬಂದಿದ್ದಾಳೆ ಎಂದು ದೇಯಿ ನೆಲಕ್ಕೆ ಹಣೆ ಹಚ್ಚಿದಳು. ಅಣ್ಣ ಕೈ ಮುಗಿದು ನಿಂತ. ಅಕ್ಕನ ಕೈ ಮಾತ್ರ ಚಿಲಕದ ಮೇಲಿತ್ತು.

"ಅದು ಶಶಿ ಅಲ್ಲ. ಪಿನ್ನು ಒಂದೇ ಗೆರೆಯಲ್ಲಿ ಸಿಕ್ಕಿಕೊಂಡಿದೆ," ಎಂದಳು. "ಅವಳ ಸ್ವರವನ್ನು ಕೆರೀತಾ ಉಂಟು. ನಾನು ಒಳಗೆ ಹೋಗ್ತೇನೆ."

ಅಣ್ಣ ಅಡ್ಡ ನಿಲ್ಲಲಿಲ್ಲ. ಅಡ್ಡ ನಿಂತಿದ್ದರೆ ಅವಳು ತಳ್ಳಿಯಾದರೂ ಹೋಗುತ್ತಿದ್ದಳು.

"ಹೋಗು, ತಾಯಿ ನೀನು," ಎಂದ. "ಆದರೆ ಈಗಷ್ಟೇ ಅನ್ನಕ್ಕೆ ಕೈ ಹಾಕಿರ್ತಾಳೆ. ಇನ್ನೊಮ್ಮೆ ಹಸಿದೇ ಕಳಿಸ್ತೀಯಾ?"

ಅಣ್ಣನನ್ನು ನಾನು ಅಷ್ಟು ದ್ವೇಷಿಸಿದ್ದು ಬೇರೆ ಯಾವತ್ತೂ ಇಲ್ಲ.

ಅಕ್ಕನ ಕೈ ಚಿಲಕದಿಂದ ಮೆಲ್ಲಗೆ ಜಾರಿತು. ಅಲ್ಲೇ ಹೊಸ್ತಿಲ ಹತ್ತಿರ ಕೂತು ಬಾಗಿಲಿಗೆ ಕಿವಿ ಆನಿಸಿದಳು. ಬರುವೆ, ಬರುವೆ. ಮೊದಲು ಸ್ಪಷ್ಟವಾಗಿದ್ದ ಮಾತು ನಿಧಾನವಾಗಿ ಒರಟಾಯಿತು, ಆಮೇಲೆ ಮರ ಗರಗಸದಿಂದ ಕೊಯ್ಯುವ ಸದ್ದಾಯಿತು. ಕೀ ಸಡಿಲವಾಗುತ್ತಾ ಬಂದ ಹಾಗೆ ಹುಡುಗಿಯ ಸ್ವರ ಇಳಿದು ಇಳಿದು, ಯಾರೋ ಮುದುಕ ನರಳಿದಂತೆ ಕೇಳಿ ನಿಂತುಹೋಯಿತು.

ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಅಣ್ಣ ಕ್ರಮದಂತೆ ಕೆಮ್ಮಿ ಬಾಗಿಲು ತೆಗೆದ. ಪ್ಲೇಟಿನ ಮೇಲೆ ಒಂದು ಬಿಳಿಯ ಉಂಗುರ, ಅದರ ಸುತ್ತ ಬೂದಿಯಂಥ ಪುಡಿ. ಅಣ್ಣನ ಕಣ್ಣಲ್ಲಿ ನೀರಿತ್ತು.

"ಕೇಳಿದ್ಯಾ? ಬರ್ತೇನೆ ಎಂದಳು," ಎಂದ.

ಅಕ್ಕ ಪ್ಲೇಟನ್ನು ನೋಡಲೂ ಇಲ್ಲ, ನೇರ ಎಲೆಯ ಮುಂದೆ ಹೋಗಿ ಕೂತಳು. ಪ್ರತಿ ವರ್ಷ ಕುಲೆಗಳ ಎಲೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೆಯೇ ಇರುತ್ತದೆ. ಅವರು ವಾಸನೆಯಲ್ಲೇ ಉಣ್ಣುತ್ತಾರೆ ಎಂದುಕೊಂಡು ನಾವು ಅದನ್ನೇ ಹಂಚಿ ಉಣ್ಣುತ್ತೇವೆ, ಎಲೆ ಮುಟ್ಟಿಲ್ಲವೆಂದು ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ. ಅಕ್ಕ ಅನ್ನದ ರಾಶಿಯನ್ನು ಸುತ್ತಲೂ ದಿಟ್ಟಿಸಿ ನೋಡಿದಳು. ಎಲ್ಲಿಯೂ ಒಂದು ಅಗುಳು ಕದಲಿರಲಿಲ್ಲ.

"ಅನ್ನ ಹಾಗೇ ಉಂಟು ಅಣ್ಣ," ಎಂದಳು.