ಮುಚ್ಚಳದ ಮೇಲೆ ಬರೆದದ್ದು

ಬೀಜದೊಳಗಿನ ಎಣ್ಣೆ ಮೊಳಕೆಗೆ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ. ಅದನ್ನು ಬಿಚ್ಚುವುದು ಜೀವಕೋಶದೊಳಗಿನ ಪೆರಾಕ್ಸಿಸೋಮ್ ಎಂಬ ಪುಟ್ಟ ಕೋಣೆ. ಅಲ್ಲಿ ದುಡಿಯುವ ಪ್ರೋಟೀನುಗಳು ಹೊರಗಿನಿಂದ ಒಳಗೆ ಹೋಗಬೇಕು. ಸಂಶೋಧಕಿ ಸಿಗ್ನೆ ಮೂರು ವರ್ಷದಿಂದ ಸಾಕುತ್ತಿದ್ದ ಗಿಡದ ತಳಿಯಲ್ಲಿ ಆ ಕೋಣೆಯ ಬಾಗಿಲೇ ಕೆಟ್ಟಿತ್ತು. ಮಡಿಲಲ್ಲಿ ಬುತ್ತಿಯಿದ್ದೂ ಸಸಿಗಳು ಹಸಿದು ಗಿಡ್ಡವಾಗಿಯೇ ಉಳಿಯುತ್ತಿದ್ದವು. ಸಕ್ಕರೆ ಬೆರೆಸಿದ ಆಹಾರದ ಪೆಟ್ರಿ ತಟ್ಟೆಯಲ್ಲಿ ಮಾತ್ರ ಬೆಳೆಯುತ್ತಿದ್ದವು. ಇದನ್ನು ಸಾಮಾನ್ಯ ತಳಿಯ ಜೊತೆ ಹೋಲಿಸಿ ಮೂರನೆಯ ಸಲ ತೋರಿಸಿದರೆ ಅವಳ ಕೆಲಸ ಇನ್ನೆರಡು ವರ್ಷ ಉಳಿಯುತ್ತಿತ್ತು. ಶುಕ್ರವಾರ ತೀರ್ಮಾನ. ಇದ್ದ ಬೀಜವನ್ನೆಲ್ಲ ಬಿತ್ತಿಯಾಗಿತ್ತು.

ಟ್ರೋಮ್ಸೊ ಊರಿನ ಅವಳ ಲ್ಯಾಬಿನಲ್ಲಿ ಹೊಸಬರಿಗೆ ಮೊದಲ ದಿನವೇ ಹೇಳುತ್ತಿದ್ದರು: ಹೆಸರನ್ನು ತಟ್ಟೆಯ ತಳಕ್ಕೆ ಬರೆ, ಮುಚ್ಚಳಕ್ಕಲ್ಲ. ಫೋಟೋದಲ್ಲಿ ಅಕ್ಷರ ಅಡ್ಡ ಬರುತ್ತದೆಂದು ಸಿಗ್ನೆ ಈ ಸಲ ಮುಚ್ಚಳದ ಅಂಚಿಗೆ ಬರೆದಿದ್ದಳು.

ಶುಕ್ರವಾರ ಅವಳು ಬರುವಷ್ಟರಲ್ಲಿ ಹನ್ನೆರಡು ತಟ್ಟೆಗಳೂ ಫಳಫಳ ಹೊಳೆಯುತ್ತಿದ್ದವು.

"ಒಳಗೆಲ್ಲ ಬೆವರು ಕೂತಿತ್ತು ಕಣೇ," ಎಂದಳು ಟೂರುನ್. ಮೂವತ್ತು ವರ್ಷದಿಂದ ಅಲ್ಲಿ ತಟ್ಟೆ ಸಿದ್ಧಪಡಿಸುತ್ತಿದ್ದವಳು. ಮುಂದಿನ ತಿಂಗಳು ನಿವೃತ್ತಿ. "ಫೋಟೋ ಮಬ್ಬಾಗುತ್ತೆ ಅಂತ ಮುಚ್ಚಳ ಎಲ್ಲಾ ತೆಗೆದು ಒರೆಸಿಟ್ಟೆ. ನೀನು ಏನೂ ತಿಂದಿರಲ್ಲ, ನಂಗೊತ್ತು. ವಾಫಲ್ ಹುಯ್ತೀನಿ, ಬಾ."

ಸಿಗ್ನೆ ನೋಡಿದಳು. ಸಾಮಾನ್ಯ ತಳಿಯ ಹೆಸರಿದ್ದ ಮುಚ್ಚಳದಡಿ ಗಿಡ್ಡ ಸಸಿಗಳು. ಒರೆಸಿಡುವಾಗ ಮುಚ್ಚಳಗಳು ಅದಲುಬದಲಾಗಿದ್ದವು.

ಪ್ರೊಫೆಸರ್ ಹೋಕೊನ್ ತಟ್ಟೆಗಳನ್ನು ಒಂದೊಂದಾಗಿ ಮಗುಚಿ ನೋಡಿದ. ತಳದಲ್ಲಿ ಏನೂ ಇರಲಿಲ್ಲ.

"ಯಾವುದು ಯಾವುದು?"

"ನೋಡಿದ್ರೇ ಗೊತ್ತಾಗುತ್ತಲ್ಲ. ಗಿಡ್ಡ ಇರೋದೆಲ್ಲ ನನ್ನ ತಳಿ, ಸಕ್ಕರೆ ಇಲ್ಲದ್ದು."

"ಉತ್ತರ ನೋಡ್ಕೊಂಡು ಪ್ರಶ್ನೆ ಬರೀತೀಯಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಮುಚ್ಚಳ ಯಾರು ತೆಗೆದಿದ್ದು?"

ಪಕ್ಕದ ಕೋಣೆಯಲ್ಲಿ ಹಿಟ್ಟು ಚೊಂಯ್ ಎಂದಿತು.

"ನಾನೇ," ಎಂದಳು ಸಿಗ್ನೆ.

"ಹಾಗಾದ್ರೆ ಆ ಎರಡು ವರ್ಷದ ಜಾಗ ನಿನ್ನ ಜೊತೆ ಅರ್ಜಿ ಹಾಕಿದ್ದ ಎಸ್ಪೆನ್‌ಗೆ ಹೋಗುತ್ತೆ. ನನ್ನ ಕೈಲಿ ಇನ್ನೇನೂ ಇಲ್ಲ."

ಟೂರುನ್ ವಾಫಲ್ ಮೇಲೆ ಕಂದು ಚೀಸಿನ ಎರಡು ತೆಳು ಹೋಳು ಇಟ್ಟಳು. ಸಿಗ್ನೆಯ ಮುಖ ನೋಡಿ, ತನ್ನ ಪಾಲಿನ ಜಾಮನ್ನೂ ಅವಳ ತಟ್ಟೆಗೇ ಸುರಿದಳು.

"ತಿನ್ನು, ಬಿಳಿಚಿಕೊಂಡಿದ್ದೀಯ. ಫೋಟೋ ಚೆನ್ನಾಗಿ ಬಂತಾ?"

"ಬಂತು," ಎಂದಳು ಸಿಗ್ನೆ. "ಒಂಚೂರೂ ಮಬ್ಬಿಲ್ಲ."

ಟೂರುನ್‌ಗೆ ಸಮಾಧಾನವಾಯಿತು. ಸಿಗ್ನೆ ತುತ್ತನ್ನು ಬಾಯಲ್ಲಿಟ್ಟುಕೊಂಡು ಕುಳಿತಳು, ಅದು ಒಳಗಿಳಿಯಲಿಲ್ಲ.