ದುರುಗವ್ವನ ಕೈಕೆರ

ನಾನು ಅಳವಂಡಿಯ ಕಿರಾಣಿ ಅಂಗಡಿ ಈಶಪ್ಪ. ಹತ್ತನೆಯ ವಯಸ್ಸಿನಿಂದ ನನ್ನ ಮೂಗಿನ ಮೇಲೆ ದಪ್ಪ ಗಾಜಿನ ಚಾಳೀಸು ಕೂತಿದೆ. ಅದನ್ನು ತೆಗೆದರೆ ಎದುರಿಗೆ ನಿಂತದ್ದು ಎಮ್ಮೆಯೋ ನನ್ನ ಮಾವನೋ ಗೊತ್ತಾಗುವುದಿಲ್ಲ. ಹಾಕಿಕೊಂಡರೂ ಎಷ್ಟು ಕಾಣುತ್ತದೆ ಎನ್ನುವುದು ಬೇರೆ ಮಾತು. ಅದನ್ನೇ ಈಗ ಹೇಳಹೊರಟಿದ್ದೇನೆ.

೧೯೭೮ರ ಫೆಬ್ರವರಿಯಲ್ಲಿ ವಿಧಾನಸಭೆ ಚುನಾವಣೆ ಬಂತು. ಸುತ್ತಲಿನ ಐದು ಹಳ್ಳಿಗಳ ವೋಟು ನಮ್ಮೂರ ಸಾಲೆಯಲ್ಲೇ. ನಮ್ಮ ಕಡೆಯ ಗೌಡರು ನನ್ನನ್ನು ವಾಡೆಗೆ ಕರೆಸಿ, "ಈಶಪ್ಪ, ಮುದುಕರು, ಕುಂಟರು, ಕುರುಡರು, ಇವರನ್ನೆಲ್ಲ ತಂದು ವೋಟು ಹಾಕಸೋ ಜವಾಬ್ದಾರಿ ನಿಂದು. ನಿನ್ನಂಗ ಪಟ್ಟಿ ಮಾಡವ ಈ ಸೀಮ್ಯಾಗ ಇನ್ನೊಬ್ಬ ಇಲ್ಲ" ಎಂದರು. ನಾನು ಉಬ್ಬಿಹೋದೆ. ಮತದಾರರನ್ನು ಗಾಡಿಯಲ್ಲಿ ತರುವುದು ಕಾನೂನಿನ ಪ್ರಕಾರ ತಪ್ಪು ಎಂದು ಸಾಲೆಯ ಹೆಡ್ ಮಾಸ್ತರರು ಎಚ್ಚರಿಸಿದರು. ಆ ಕಡೆಯವರೂ ತರುತ್ತಿದ್ದರು, ನಾವೂ ತರುತ್ತಿದ್ದೆವು. ಕಾನೂನಿಗೆ ಮರ್ಯಾದೆ ಕೊಟ್ಟು ಗಾಡಿಗಳನ್ನು ಸ್ವಲ್ಪ ದೂರದ ಬೇವಿನ ಗಿಡದ ಹತ್ತಿರ ನಿಲ್ಲಿಸಿ, ಅಲ್ಲಿಂದ ಎತ್ತಿಕೊಂಡು ಹೋಗುವುದೆಂದು ಇಬ್ಬರೂ ಒಪ್ಪಿಕೊಂಡಿದ್ದೆವು.

ನಾಲ್ಕು ದಿನ ಅಂಗಡಿಯನ್ನು ಹೆಂಡತಿಯ ಮೇಲೆ ಹಾಕಿ ಐದೂ ಹಳ್ಳಿ ತಿರುಗಿದೆ. ಯಾರಿಗೆ ಏನಾಗಿದೆ, ಯಾರು ಕೂಡಬಲ್ಲರು, ಯಾರನ್ನು ಹೊರಸಿನ ಮೇಲೆ ಮಲಗಿಸಿಕೊಂಡೇ ತರಬೇಕು, ಯಾರಿಗೆ ಟ್ರ್ಯಾಕ್ಟರಿನ ಕುಲುಕಾಟ ತಡೆಯದು, ಎಲ್ಲ ಬರೆದುಕೊಂಡೆ. ಮೂವತ್ತೊಂದು ಜನ. ಆ ಪಟ್ಟಿಯನ್ನು ನೋಡಿ ನನಗೇ ನನ್ನ ಮೇಲೆ ಅಭಿಮಾನ ಬಂತು. ಜಿಲ್ಲಾ ಕಚೇರಿಯವರು ಬಂದು ಕಲಿತುಕೊಂಡು ಹೋಗಬೇಕು, ಹಾಗಿತ್ತು!

ಪಟ್ಟಿಯ ಕೊನೆಯ ಹೆಸರು ಕರಿಗಲ್ಲಹಾಳದ ದುರುಗವ್ವ. ನಮ್ಮೂರಿಂದ ಎರಡೂವರೆ ಮೈಲಿ. ವಯಸ್ಸು ನಲವತ್ತೈದರ ಆಸುಪಾಸು. ಸಣ್ಣವಳಿದ್ದಾಗಲೇ ಜ್ವರ ಬಂದು ಎರಡೂ ಕಾಲು ಬತ್ತಿಹೋಗಿದ್ದವು. ಹಳೆಯ ಸೀರೆ ಧೋತರ ಕೂಡಿಸಿ ಕೌದಿ ಹೊಲಿದು ಬದುಕುತ್ತಿದ್ದಳು. ಅವಳು ಹೊಲಿದ ಕೌದಿ ನಮ್ಮ ಮನೆಯಲ್ಲೂ ಎರಡಿದ್ದವು. ಕೈಯೂರಿ ಸರಿದಾಡುತ್ತಿದ್ದಳು. ಅಂಗೈ ಕೆತ್ತದಿರಲೆಂದು ಲಾರಿ ಟೈರಿನ ಎರಡು ತುಂಡು ಕತ್ತರಿಸಿ, ಪಟ್ಟಿ ಹೊಡೆಸಿ, ಕೈಗೆ ತೊಡುತ್ತಿದ್ದಳು. "ನಿಮಗ ಕಾಲಿಗಿ ಕೆರ, ನನಗ ಕೈಗಿ ಕೆರ" ಎಂದು ನಗುತ್ತಿದ್ದಳು.

ವೋಟಿನ ದಿನ ಬೆಳಿಗ್ಗೆ ಬಾಲಪ್ಪನ ಎತ್ತಿನ ಚಕ್ಕಡಿಯೊಂದಿಗೆ ಅವಳ ಮನೆಯ ಮುಂದೆ ನಿಂತಾಗ ದುರುಗವ್ವ ತಲೆ ಬಾಚಿಕೊಂಡು, ಇಳಕಲ್ ಸೀರೆ ಉಟ್ಟು, ಕೈಕೆರ ತೊಟ್ಟು ತಯಾರಾಗಿದ್ದಳು.

"ಅದನ್ಯಾಕ ಹಾಕ್ಕೊಂಡಿ ದುರುಗವ್ವ?" ಎಂದೆ. "ಅಲ್ಲಿ ಗೌಡ್ರು ಬಂದಿರ್ತಾರ, ದೊಡ್ಡ ಮಂದಿ ಇರ್ತಾರ. ಈ ಟೈರು ಛಲೋ ಕಾಣಂಗಿಲ್ಲ. ಬಾಗಲದಾಗಿಂದ ಎತ್ಗೊಂಡು ಹೋಗಿ ಬಾಗಲದಾಗ ತಂದು ಇಳಸ್ತೀವಿ. ನಿನಗ್ಯಾಕ ಬೇಕದು?"

"ನೀವು ಅಂದಂಗ ಆಗ್ಲಿರಿ" ಎಂದು ಕೈಕೆರ ಬಿಚ್ಚಿ ಹೊಸ್ತಿಲ ಒಳಗಿಟ್ಟಳು.

ಹನ್ನೆರಡು ಹೊಡೆಯುವುದರೊಳಗೆ ಮೂವತ್ತೊಂದೂ ವೋಟು ಬಿದ್ದವು. ಗೌಡರು ಎಲ್ಲರೆದುರು ನನ್ನ ಬೆನ್ನು ಚಪ್ಪರಿಸಿದರು. "ಇಲ್ಲಿ ಕೆಲಸ ಮುಗೀತು. ಕುಕನೂರ ರಸ್ತಾದ ಹಳ್ಳ್ಯಾಗ ನಮ್ಮ ವೋಟು ಭಾಳ ಉಳದಾವಂತ. ಗಾಡಿ ಅಲ್ಲಿಗಿ ಹೊಡಸ್ತೀನಿ" ಎಂದರು. ನಾನು ತಲೆಯಾಡಿಸಿದೆ. ಮನೆಗೆ ಹೋಗಿ ಉಂಡೆ. ನಾಲ್ಕು ದಿನದ ದಣಿವಿತ್ತು, ಚಾಪೆಯ ಮೇಲೆ ಬಿದ್ದವನಿಗೆ ಗಾಢ ನಿದ್ದೆ ಹತ್ತಿತು.

ನಾಲ್ಕು ಗಂಟೆಗೆ ಹೆಡ್ ಮಾಸ್ತರರು ಬಾಗಿಲು ಬಡಿದು ಎಬ್ಬಿಸಿದರು. "ಏನೋ ಈಶಪ್ಪ, ನಿನ್ನ ಮಂದಿ ಸಾಲಿ ಕಟ್ಟಿಮ್ಯಾಲ ಹಂಗ ಕುಂತಾರಲ್ಲೋ! ಅವರನ್ನ ಯಾರು ಒಯ್ಯೋರು?"

ಕಿಸೆಯಿಂದ ಪಟ್ಟಿ ತೆಗೆದು ನೋಡಿದೆ. ಯಾವ ಊರು, ಯಾವ ಗಾಡಿ, ಎಷ್ಟು ಗಂಟೆಗೆ ಹೊರಡಬೇಕು, ಎತ್ತಲು ಯಾರು, ಎಲ್ಲ ಇತ್ತು. ಮರಳಿ ಒಯ್ಯುವ ವಿಷಯ ಒಂದಕ್ಷರವೂ ಇರಲಿಲ್ಲ. ಮರೆತು ಬಿಟ್ಟದ್ದಲ್ಲ. ಆ ವಿಚಾರವೇ ನನ್ನ ತಲೆಗೆ ಬಂದಿರಲಿಲ್ಲ. ಬಾಗಿಲಲ್ಲಿ ಇಳಿಸುತ್ತೇವೆ ಎಂದು ದುರುಗವ್ವನಿಗೆ ಹೇಳಿದವನು ನಾನೇ, ಆ ಮಾತನ್ನು ಅಲ್ಲೇ ಮರೆತವನೂ ನಾನೇ. ಈಗಲೂ ಇದನ್ನು ನೆನೆದರೆ ನನಗೆ ನಂಬಿಕೆಯಾಗುವುದಿಲ್ಲ.

ಓಡಿದೆ. ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಸೊಂಟ ಮುರಿದ ಫಕೀರಮ್ಮ ಹೊರಸಿನ ಮೇಲೆ ಬಿಸಿಲಿಗೆ ಮುಖದ ಮೇಲೆ ಸೆರಗು ಹಾಕಿಕೊಂಡಿದ್ದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎಣಿಸಿದೆ, ಮೂವತ್ತು. ಇನ್ನೊಮ್ಮೆ ಎಣಿಸಿದೆ. ದುರುಗವ್ವ ಇರಲಿಲ್ಲ.

ಕಣ್ಣಿಲ್ಲದ ಮುದುಕಪ್ಪ, "ಆಕಿ ಹೋಗಿ ಎರಡ್ ತಾಸಾತು. ಕಟ್ಟಿ ಇಳದು ಸರಕೋತ ಹೋದ ಸಪ್ಪಳ ಕೇಳಿಸ್ತು. ಎಲ್ಲಿಗವ್ವಾ ಅಂದೆ, ಮಾತಾಡಲಿಲ್ಲ" ಎಂದ.

ಕರಿಗಲ್ಲಹಾಳದ ದಾರಿ ಮೊದಲು ಜಾಲಿ ಪೊದೆಗಳ ಪಕ್ಕದಲ್ಲಿ ಹೋಗಿ ಆಮೇಲೆ ಹರಳು ತುಂಬಿದ ಗರಸು ರಸ್ತೆಯಾಗುತ್ತದೆ. ಧೂಳಿನಲ್ಲಿ ಎರಡು ಅಂಗೈ ಗುರುತು, ನಡುವೆ ಎಳೆದುಕೊಂಡು ಹೋದ ಗೆರೆ. ಮತ್ತೆ ಎರಡು ಅಂಗೈ, ಮತ್ತೆ ಗೆರೆ. ಗರಸು ಶುರುವಾದ ಮೇಲೆ ಅಂಗೈ ಗುರುತುಗಳು ಕೆಂಪಾದವು. ಚಾಳೀಸು ತೆಗೆದು ಒರೆಸಿ ಹಾಕಿಕೊಂಡೆ. ಕೆಂಪೇ.

ಒಂದು ಮೈಲಿಯ ಮೇಲೆ ಸಿಕ್ಕಳು. ಇಳಕಲ್ ಸೀರೆ ಹಿಂದಿನಿಂದ ಹರಿದು ಚಿಂದಿಯಾಗಿತ್ತು. ನಾನು ಎದುರಿಗೆ ಹೋಗಿ ನಿಂತರೂ ಅವಳು ನಿಲ್ಲಲಿಲ್ಲ, ಇನ್ನೊಂದು ಮಾರು ಸರಿದಳು. ಆಮೇಲೆ ಅಂಗೈಗಳನ್ನು ಮಡಿಲಲ್ಲಿ ಮಲಗಿಸಿಕೊಂಡಳು. ಚರ್ಮ ಸುಲಿದು ಹರಳು ಹೊಕ್ಕಿದ್ದವು. ಎಡಗೈಯ ಬೆರಳಿನ ಮೇಲೆ ವೋಟಿನ ಶಾಯಿ ಮಾತ್ರ ಹಾಗೇ ಇತ್ತು.

"ಯಾಕ ಹಿಂಗ ಮಾಡಿದಿ? ಕುಂತಿದ್ರ ಯಾರರ ಬರ್ತಿದ್ದರು!" ಎಂದು ಕೂಗಿಬಿಟ್ಟೆ. ತಪ್ಪು ಮಾಡಿದವನ ದನಿ ಯಾವಾಗಲೂ ದೊಡ್ಡದು.

"ಹೊರಗಡಿಗಿ ಹೋಗಬೇಕಾಗಿತ್ರಿ," ಎಂದಳು, ನೆಲ ನೋಡುತ್ತ. "ಇದ ತ್ರಾಸಂತ ನಿನ್ನಿ ಸಂಜೀಲಿಂದ ಹನಿ ನೀರು ಕುಡದಿಲ್ಲ. ಆದ್ರೂ ತಡೀಲಿಲ್ಲ. ಸಾಲಿ ಮುಂದ ಬರೀ ಗಂಡಸರು. ಯಾರಿಗಂತ ಎತ್ಗೊಂಡು ಹೋಗ್ರಿ ಅನ್ಲಿ? ಜಾಲಿ ಮರಿಗಿ ಸರದು ಹೋದೆ. ಅಲ್ಲಿಂದ ಹೊಳ್ಳಿ ಬರೋದಕ್ಕಿಂತ ಮನಿ ಕಡಿಗೇ ಸರಿಯೋದು ಛಲೋ ಅನಿಸ್ತು."

ಐದೂ ಹಳ್ಳಿ ತಿರುಗಿ ಮೂವತ್ತೊಂದು ಜನರ ಕೈಕಾಲು, ಸೊಂಟ, ಕಣ್ಣು ಎಲ್ಲ ಬರೆದುಕೊಂಡ ನನಗೆ, ಈ ಜನಕ್ಕೆ ಹೊಟ್ಟೆಯೂ ಇರುತ್ತದೆ, ಬಾಯಾರುತ್ತದೆ, ಒಂದಕ್ಕೆ ಬರುತ್ತದೆ ಎನ್ನುವುದು ಹೊಳೆದಿರಲಿಲ್ಲ. ಅಲ್ಲೇ ಗರಸಿನ ಮೇಲೆ ಅವಳೆದುರು ಕೂತೆ.

ಅಷ್ಟರಲ್ಲಿ ಕುಕನೂರ ಕಡೆಯಿಂದ ಮರಳಿದ ಬಾಲಪ್ಪನ ಚಕ್ಕಡಿ ನಮ್ಮನ್ನು ಹುಡುಕಿಕೊಂಡು ಬಂತು. ಅದೊಂದೇ ಗಾಡಿ ರಾತ್ರಿ ಬಹಳ ಹೊತ್ತಿನವರೆಗೆ ಐದೂ ಹಳ್ಳಿ ಸುತ್ತಿತು. ದುರುಗವ್ವ ಎರಡು ತಿಂಗಳು ಸೂಜಿ ಹಿಡಿಯಲಿಲ್ಲ. ನಾನು ಮುಲಾಮು, ಜೋಳ, ಬೆಲ್ಲ ಹೊತ್ತುಕೊಂಡು ಹೋಗುತ್ತಿದ್ದೆ. "ಬರ್ರಿ ಈಶಪ್ಪಣ್ಣ, ಕುಂದರ್ರಿ" ಎನ್ನುತ್ತಿದ್ದಳು. ಆ ದಿನದ ಮಾತನ್ನು ಒಮ್ಮೆಯೂ ಎತ್ತಲಿಲ್ಲ.

೧೯೮೩ರ ಜನವರಿಯಲ್ಲಿ ಮತ್ತೆ ವಿಧಾನಸಭೆ ಚುನಾವಣೆ. ಗೌಡರು ಮತ್ತೆ ನನ್ನನ್ನೇ ಕರೆದರು. ನಾನು ಒಲ್ಲೆ ಎಂದೆ. ಆಮೇಲೆ, ಬೇರೆಯವನು ಹೋದರೆ ಅವನೂ ನನ್ನಂಥ ಕತ್ತೆಯೇ ಆಗಿದ್ದರೆ ಎಂದು ಹೆದರಿ ಒಪ್ಪಿಕೊಂಡೆ. ಮೂವತ್ತೊಂದರಲ್ಲಿ ನಾಲ್ವರು ತೀರಿಕೊಂಡಿದ್ದರು. ದುರುಗವ್ವನನ್ನು ಬಿಟ್ಟು ಉಳಿದ ಇಪ್ಪತ್ತಾರೂ ಮಂದಿ ಒಂದೇ ಮಾತು ಹೇಳಿದರು: "ದುರುಗವ್ವ ಬಂದ್ರ ಬರ್ತೀವಿ." ದುರುಗವ್ವನನ್ನು ಕೇಳಿದರೆ, "ಬರ್ತೀನಲ್ರಿ, ಅದಕ್ಕೇನು" ಎಂದಳು. ಇಷ್ಟು ಸಲೀಸಾಗಿ ಒಪ್ಪಿದ್ದೇ ನನಗೆ ದಿಗಿಲು ಹುಟ್ಟಿಸಿತು.

ವೋಟಿನ ದಿನ ಕೈಕೆರ ತೊಟ್ಟೇ ಬಂದಳು. ಎಲ್ಲರೂ ಸಾಲೆಯ ಕಟ್ಟೆಯ ಮೇಲೆ ಕೂತರು. ಒಳಗೆ ಹೋಗಲು ಒಬ್ಬರೂ ಏಳಲಿಲ್ಲ. ದುರುಗವ್ವ ಒಂದು ಕೈಕೆರ ಬಿಚ್ಚಿ ನನ್ನ ಕಡೆ ಕೈ ಚಾಚಿದಳು. ಅಂಗೈಯಲ್ಲಿ ಹಳೆಯ ಕಲೆಗಳು ಬೆಳ್ಳಗೆ ಹೊಳೆಯುತ್ತಿದ್ದವು.

"ಈಶಪ್ಪಣ್ಣ, ಚಾಳೀಸು ಕೊಡ್ರಿ."

"ಏನು?"

"ನಿಮ್ಮ ಚಾಳೀಸು. ಕೊಟ್ರ ವೋಟು ಹಾಕ್ತೀವಿ. ಎಲ್ಲರೂ ಮನಿ ಮುಟ್ಟಿದ ಮ್ಯಾಲ ಹೊಳ್ಳಿ ಕಳಸ್ತೀನಿ."

ಎರಡೂ ಕೈಯಿಂದ ಚಾಳೀಸು ಹಿಡಿದುಕೊಂಡೆ. "ಅದಿಲ್ಲಂದ್ರ ನಾ ಒಂದ್ ಹೆಜ್ಜಿ ಇಡಾಕ ಆಗಂಗಿಲ್ಲ ದುರುಗವ್ವ!"

"ಗೊತ್ತೈತ್ರಿ," ಎಂದಳು. "ಅವತ್ತು ನನ್ನ ಕೈಕೆರ ನೀವು ಮನ್ಯಾಗ ಇಡಿಸಿದ್ರಿ. ನಾ ಯಾಕಂತ ಕೇಳಲಿಲ್ಲ. ಇವತ್ತು ನೀವೂ ಕೇಳಬ್ಯಾಡ್ರಿ."

ಕೊಟ್ಟೆ. ಲೋಕ ಕರಗಿ ನೀರಾಯಿತು. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿದಳೆಂದು ಯಾರೋ ನಕ್ಕು ಹೇಳಿದ್ದರಿಂದ ತಿಳಿಯಿತು. ವೋಟು ಮುಗಿದು ಗಾಡಿಗಳು ಒಂದೊಂದಾಗಿ ಹೊರಟವು. ದುರುಗವ್ವ ನನ್ನ ಪಕ್ಕದಲ್ಲೇ ಕೂತು, "ಈಗ ಫಕೀರಮ್ಮ ಹೋದ್ಲು ನೋಡ್ರಿ. ಈಗ ಮುದುಕಪ್ಪನ್ನ ಎತ್ತಿದ್ರು" ಎಂದು ಹೇಳುತ್ತಿದ್ದಳು. ನಾನು ಕಣ್ಣು ಕಿರಿದು ಮಾಡಿ ಬಿಳಿ ಬೆಳಕು ನೋಡುತ್ತಿದ್ದೆ. ಹೆಡ್ ಮಾಸ್ತರರು ಚಹಾ ತಂದರು. ಬೇಡ ಎಂದೆ.

ಎರಡು ಗಂಟೆಯ ಹೊತ್ತಿಗೆ ಜೀಪು ನಿಂತ ಸದ್ದಾಯಿತು. ಗೌಡರ ದನಿ ಬಂತು. "ಈಶಪ್ಪ, ನಮ್ಮ ವೋಟೆಲ್ಲ ಬಿದ್ವಲ್ಲ. ಗಾಡಿ ಬಿಡು, ಆ ಕಡೀ ಹಳ್ಳಿಗಿ ಬೇಕಾಗ್ಯಾವ."

ಆ ದನಿಗೆ ಇಲ್ಲ ಎಂದವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಒಂದು ರೀತಿಯಲ್ಲಿ ಅದೇ ಒಳ್ಳೆಯದಾಯಿತು.

"ಬಿಡಾಕ ಬರಂಗಿಲ್ರಿ ಗೌಡ್ರ," ಎಂದೆ. "ಇನ್ನೂ ಹನ್ನೊಂದು ಮಂದಿ ಮನಿ ಮುಟ್ಟಬೇಕು. ಅಲ್ಲೀತನಕ ನನ್ನ ಕಣ್ಣು ದುರುಗವ್ವನ ಹತ್ರ ಒತ್ತಿ ಅದಾವ."

ಜೀಪು ಹೋಯಿತು. ಮುಂದೆ ಗೌಡರು ನನ್ನನ್ನು ಯಾವ ಕೆಲಸಕ್ಕೂ ಕರೆಯಲಿಲ್ಲ.

ದುರುಗವ್ವ ಎಲ್ಲರಿಗಿಂತ ಕೊನೆಗೆ ಚಕ್ಕಡಿ ಏರಿದಳು. "ಈಗರ ಕೊಟ್ಟು ಹೋಗವ್ವ" ಎಂದೆ. "ನಾನೂ ಮನಿ ಮುಟ್ಟಬೇಕಲ್ರಿ" ಎಂದಳು. ಗಾಲಿಗಳ ಸಪ್ಪಳ ಸಣ್ಣದಾಗಿ ಅಡಗಿತು. ಕರಿಗಲ್ಲಹಾಳಕ್ಕೆ ಹೋಗಿ ಬರಲು ಚಕ್ಕಡಿಗೆ ಎರಡು ತಾಸು ಬೇಕು. ವೋಟಿನ ಪೆಟ್ಟಿಗೆ ಹೋಯಿತು, ಪೊಲೀಸರು ಹೋದರು, ಮಾಸ್ತರರು ಸಾಲೆಗೆ ಕೀಲಿ ಹಾಕಿದರು. "ಬಾ, ಮನಿಗಿ ಬಿಡ್ತೀನಿ" ಎಂದು ಮಾಸ್ತರರು ಕರೆದರು. ಒಲ್ಲೆ ಎಂದೆ. ಐದು ವರ್ಷದ ಹಿಂದೆ ನಲವತ್ತೈದರ ಹೆಂಗಸೊಬ್ಬಳು ಬೇಡಲಾರದ್ದನ್ನು ನಾನು ಹೇಗೆ ಬೇಡಲಿ?

ಹೊತ್ತು ಮುಳುಗುವಾಗ ಬಾಲಪ್ಪ ಬಂದು ನನ್ನ ಅಂಗೈಯಲ್ಲಿ ಒಂದು ಗಂಟು ಇಟ್ಟ. ಕೌದಿಯ ತುಂಡಿನಲ್ಲಿ ಸುತ್ತಿದ ಚಾಳೀಸು.

"ಮುಟ್ಟೀನಿ ಅಂತ ಹೇಳು ಅಂದ್ಲು," ಎಂದ.

ಬಿಚ್ಚಿ ಹಾಕಿಕೊಳ್ಳುವಷ್ಟು ತಾಳ್ಮೆ ನನಗಿರಲಿಲ್ಲ. ಬೆಳಗಿನಿಂದ ಹನಿ ನೀರು ಕುಡಿಯದಿದ್ದರೂ ತಡೆದು ತಡೆದು ಜೀವ ಹೋಗುವಂತಾಗಿತ್ತು. ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡೆ.

"ಬಾಲಪ್ಪ, ಮೊದಲ ನನ್ನ ಆ ಜಾಲಿ ಮರಿಗಿ ಕರ್ಕೊಂಡು ನಡಿ."