ರೋಗಿಯ ಪಾತ್ರದಲ್ಲಿ ಅಪ್ಪ

ಫಾರ್ಮಸಿ ಕಾಲೇಜಿನವರು ನನ್ನಂಥವರ ಮೇಲೆ ಕರುಣೆಯಿಟ್ಟು ಆಯ್ಕೆಯನ್ನು ಎರಡು ಭಾಗ ಮಾಡಿದ್ದಾರೆ. ಮೊದಲನೆಯದು ಬರೆಯುವ ಪರೀಕ್ಷೆ. ಅಲ್ಲಿ ಯಾರ ಮುಖವನ್ನೂ ನೋಡಬೇಕಾಗಿಲ್ಲವಾದ್ದರಿಂದ ನಾನು ಎರಡು ವರ್ಷವೂ ಚೆನ್ನಾಗಿಯೇ ಪಾಸಾದೆ. ಎರಡನೆಯದು ಸಂದರ್ಶನ. ಅದರಲ್ಲಿ ಒಬ್ಬ ಪ್ರೊಫೆಸರು ರೋಗಿಯ ವೇಷದಲ್ಲಿ ಎದುರು ಕೂರುತ್ತಾರೆ. ನಾವು ಔಷಧಿ ಅಂಗಡಿಯವರಾಗಿ ಅವರನ್ನು ವಿಚಾರಿಸಿ, ಮಾತ್ರೆಯ ವಿಷಯ ತಿಳಿಸಿ ಹೇಳಬೇಕು. ಕಳೆದ ವರ್ಷ ನಾನು ಮೇಜಿನ ಮೇಲಿದ್ದ ಮಾತ್ರೆಯನ್ನು ಗಂಟೆ ಬಾರಿಸುವವರೆಗೂ ನೋಡಿದೆ. ಅದರ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಗೊತ್ತಿದ್ದುದನ್ನೆಲ್ಲ ಜೋಪಾನವಾಗಿ ಮನೆಗೆ ವಾಪಸು ತಂದೆ. ಒಬ್ಬರಿಗೆ ಎರಡೇ ಸಲ ಅವಕಾಶ. ಈ ಸಲವೂ ಬಾಯಿ ಬಿಡದಿದ್ದರೆ ಫಾರ್ಮಸಿಯ ಆಸೆ ಅಲ್ಲಿಗೆ ಮುಗಿಯಿತು.

ಹಾಗಾಗಿ ನನ್ನ ಬಾಯಿ ಬಿಡಿಸುವ ಕೆಲಸವನ್ನು ಮನೆಯವರೇ ಕೈಗೆತ್ತಿಕೊಂಡರು. ಮುಂದಾಳು ಚಿಕ್ಕಪ್ಪ. ಅವರು ವಿಮೆ ಮಾರುತ್ತಾರೆ. ಗಟ್ಟಿಮುಟ್ಟಾಗಿರುವ ಮನುಷ್ಯನನ್ನು ಕೂರಿಸಿಕೊಂಡು, ಅವನು ಸತ್ತರೆ ಏನೇನು ಲಾಭ ಎಂದು ನಗುನಗುತ್ತಾ ವಿವರಿಸಬಲ್ಲವರು. ಮಾತಿನಿಂದ ಆಗದ ಕೆಲಸವೇ ಇಲ್ಲ ಎಂದು ಅವರ ನಂಬಿಕೆ.

"ಕಣ್ಣಲ್ಲಿ ಕಣ್ಣಿಟ್ಟು ನೋಡೋಕಾಗದಿದ್ರೆ ಹುಬ್ಬಿನ ಮಧ್ಯೆ ನೋಡು ಪುಟ್ಟಿ. ಎದುರಿನವರಿಗೆ ಗೊತ್ತೇ ಆಗಲ್ಲ."

ನೋಡಿದೆ.

"ಹಂಗಲ್ಲ. ಗುಂಡು ಹಾರಿಸೋಕೆ ಗುರಿ ಇಟ್ಟ ಹಾಗಿದೆ."

ಅಮ್ಮ ಮನೆಯಲ್ಲೇ ಬಟ್ಟೆ ಹೊಲಿದುಕೊಡುತ್ತಾಳೆ. ಅವಳು ಬಟ್ಟೆ ಕತ್ತರಿಸುವ ಮೇಜು ಔಷಧಿ ಅಂಗಡಿಯ ಕೌಂಟರ್ ಆಯಿತು. ಬಿಳಿ ಗುಂಡಿಗಳು ಮಾತ್ರೆಗಳಾದವು. ಮೊದಲ ರೋಗಿ ಚಿಕ್ಕಪ್ಪನೇ. ಬಾಗಿಲಿನಿಂದಲೇ ಕೆಮ್ಮುತ್ತಾ ಬಂದರು, ಎದೆ ಹಿಡಿದುಕೊಂಡರು, ನಾನು ಹೆಸರು ಕೇಳುವಷ್ಟರಲ್ಲಿ ಸೋಫಾದ ಮೇಲೆ ಪ್ರಾಣ ಬಿಟ್ಟರು.

"ಇವರದು ಔಷಧಿ ಅಂಗಡಿ ದಾಟಿ ಹೋದ ಕೇಸು," ಎಂದಳು ಅಮ್ಮ, ಹೊಲಿಗೆಯಿಂದ ತಲೆಯೆತ್ತದೆ.

"ಹಾಗಾದ್ರೆ ನೀವೇ ಬನ್ನಿ ಅತ್ತಿಗೆ."

"ನನಗೆ ಕಾಯಿಲೆ ಬೀಳೋಕೆ ಪುರುಸೊತ್ತಿಲ್ಲ. ಶಾಲೆಯವರ ಯೂನಿಫಾರಂ ಇನ್ನೂ ಅರ್ಧ ಬಾಕಿ ಇದೆ."

ಉಳಿದವರು ಅಪ್ಪ. ಅಪ್ಪ ಸಿಟಿ ಬಸ್ಸಿನ ಡ್ರೈವರ್. ದಿನವಿಡೀ ಹಾರನ್ ಕೇಳಿ ಬರುವುದರಿಂದಲೋ ಏನೋ, ಮನೆಯಲ್ಲಿ ಸದ್ದು ಮಾಡುವುದಿಲ್ಲ. ಮೂಗು ಮತ್ತು ಮೌನ ಎರಡೂ ನನಗೆ ಅವರಿಂದಲೇ ಬಂದದ್ದು ಎಂದು ಅಮ್ಮನ ದೂರು.

"ಅಣ್ಣಾ, ನೀನು ಬಿಪಿ ಪೇಶೆಂಟು," ಎಂದರು ಚಿಕ್ಕಪ್ಪ. "ನಟಿಸೋ ಕಷ್ಟನೂ ಇಲ್ಲ, ನಿನಗಿರೋದೇ ಅದು."

ಅಪ್ಪ ಬಂದು ಕುರ್ಚಿಯ ತುದಿಯಲ್ಲಿ ಕೂತರು. ನಾನು ಪ್ರಶ್ನೆ ಬರೆದುಕೊಂಡಿದ್ದ ಹಾಳೆ ನೋಡಿಕೊಂಡು ಕೇಳಿದೆ. "ಸರ್, ಮಾತ್ರೆ ದಿನಾ ತಪ್ಪದೆ ತಗೋತೀರಾ?"

"ತಗೋತೀನಿ."

"ಥೋ, ಹೀಗೆ ಒಂದೇ ಮಾತಲ್ಲಿ ಮುಗಿಸಿದ್ರೆ ಅವಳಿಗೇನು ಅಭ್ಯಾಸ ಆಗುತ್ತೆ ಅಣ್ಣಾ? ಸ್ವಲ್ಪ ತರಲೆ ರೋಗಿ ಆಗು."

ಅಪ್ಪ ಒಂದು ಗುಂಡಿಯನ್ನು ಬೆರಳಲ್ಲಿ ಉರುಳಿಸುತ್ತಾ ಯೋಚಿಸಿದರು. "ಸರಿ. ರಜೆ ಇದ್ದ ದಿನ ತಗೋತೀನಿ. ಡ್ಯೂಟಿ ಇದ್ದ ದಿನ ಇಲ್ಲ."

"ಆಹಾ," ಎಂದು ಚಿಕ್ಕಪ್ಪ ತೊಡೆ ತಟ್ಟಿದರು.

"ಯಾಕೆ ಸರ್?"

"ತಗೊಂಡ್ರೆ ಎದ್ದು ನಿಂತಾಗ ತಲೆ ತಿರುಗುತ್ತೆ. ಬಸ್ಸಲ್ಲಿ ಅಷ್ಟೊಂದು ಜನ ಇರ್ತಾರೆ."

"ಡಾಕ್ಟರಿಗೆ ಹೇಳಿದ್ರಾ?"

"ಹೇಳಿದ್ರೆ ಡಿಪೋಗೆ ಬರೀತಾರೆ. ಡಿಪೋದವರು ಸ್ಟಿಯರಿಂಗಿಂದ ಇಳಿಸಿ ಪಾಸ್ ಕೊಡೋ ಕೌಂಟರಲ್ಲಿ ಕೂರಿಸ್ತಾರೆ."

ಹೊಲಿಗೆ ಯಂತ್ರ ನಿಂತಿತು. ನಾಟಕದಲ್ಲಿ ಉಳಿದಿದ್ದವರು ಚಿಕ್ಕಪ್ಪ ಒಬ್ಬರೇ. "ನೋಡು ಪುಟ್ಟಿ, ರೋಗಿ ಅಂದ್ರೆ ಹೀಗಿರಬೇಕು. ಎಷ್ಟು ಸಹಜ."

"ರೀ," ಎಂದಳು ಅಮ್ಮ. "ಇದು ಪಾತ್ರನಾ?"

"ಪಾತ್ರನೇ."

"ಪಾತ್ರಕ್ಕೂ ಅದೇ ಡಿಪೋನಾ?"

ಅಪ್ಪ ಏಳಲು ಕೈ ಊರಿದರು. ನಾನು ಆಗ 'ಅಪ್ಪ' ಎಂದಿದ್ದರೆ ಅವರು ಸೀದಾ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಕಷ್ಟದ ಮಾತುಗಳೆಲ್ಲ ಮುಗಿಯುವುದು ಅಲ್ಲೇ. ಆದರೆ ಔಷಧಿ ಅಂಗಡಿಯಲ್ಲಿ ಬಚ್ಚಲುಮನೆ ಇರುವುದಿಲ್ಲ.

"ಕೂತ್ಕೊಳ್ಳಿ ಸರ್," ಎಂದೆ. ಅವರು ಕೂತರು. ನನಗೇ ಆಶ್ಚರ್ಯವಾಯಿತು.

"ಹೀಗೆ ಒಂದಿನ ತಗೊಂಡು ನಾಲ್ಕು ದಿನ ಬಿಟ್ರೆ ಬಿಪಿ ಹತೋಟಿಗೆ ಬರಲ್ಲ ಸರ್. ತಲೆ ತಿರುಗುತ್ತೆ ಅಂದ್ರೆ ಬೇರೆ ಮಾತ್ರೆ ಇದೆ, ಅಳತೆ ಕಡಿಮೆ ಮಾಡಬಹುದು. ಏನು ಮಾಡಬೇಕು ಅಂತ ಡಾಕ್ಟರು ನೋಡ್ತಾರೆ. ಆದ್ರೆ ನೀವು ಹೇಳಿದ್ರೆ ತಾನೆ? ಬಿಪಿ ಏರಿ ಸ್ಟಿಯರಿಂಗ್ ಮೇಲೇ ಏನಾದ್ರೂ ಆದ್ರೆ ಆ ಜನರ ಗತಿ ಏನು?"

ರೋಗಿ ಗುಂಡಿಯನ್ನು ಮೇಜಿನ ಮೇಲಿಟ್ಟರು. "ಡಾಕ್ಟರ ಹತ್ರ ಒಬ್ಬನೇ ಹೋಗೋಕೆ ಬೇಜಾರು."

"ಮಗಳನ್ನ ಕರ್ಕೊಂಡು ಹೋಗಿ."

"ಅವಳು ಬಂದು ಏನು ಮಾಡ್ತಾಳೆ? ಬಾಯೇ ಬಿಡಲ್ಲ."

"ನೀವು ಬಿಡ್ತೀರಾ?"

ಮರುದಿನ ಹೋದೆವು. ಇಬ್ಬರೂ ಸೇರಿ ಒಬ್ಬ ಸಾಧಾರಣ ಮನುಷ್ಯನಷ್ಟು ಮಾತಾಡಿದೆವು. ಡಾಕ್ಟರು ಮಾತ್ರೆ ಬದಲಾಯಿಸಿದರು, ಅದು ಮೈಗೆ ಒಗ್ಗುವವರೆಗೆ ಬಸ್ ಓಡಿಸುವಂತಿಲ್ಲ ಎಂದು ಡಿಪೋಗೆ ಬರೆದರು. ಡಿಪೋದವರು ಅಪ್ಪನನ್ನು ಪಾಸ್ ಕೌಂಟರಿನ ಕಿಂಡಿಯ ಹಿಂದೆ ಕೂರಿಸಿದರು. ದಿನವಿಡೀ ಅಪರಿಚಿತರಿಗೆ ಉತ್ತರ ಹೇಳುವುದು ಅವರಿಗೆ ಜೈಲಿಗಿಂತ ಕಡೆ. ನನ್ನ ಜೊತೆ ಮಾತು ಬಿಟ್ಟರು. ಮೊದಲಿನ ಮೌನಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ, ಆದರೂ ಅದು ನಮ್ಮಿಬ್ಬರಿಗೂ ಗೊತ್ತಾಗುತ್ತಿತ್ತು.

ಅಭ್ಯಾಸ ಅಲ್ಲಿಗೇ ನಿಂತಿತು. ಆಮೇಲೆ ನಮ್ಮ ಮನೆಯಲ್ಲಿ ರೋಗಿಯಾಗಲು ಯಾರೂ ಮುಂದೆ ಬರಲಿಲ್ಲ. ಸತ್ತು ಅನುಭವವಿದ್ದ ಚಿಕ್ಕಪ್ಪ ಕೂಡ.

ಸಂದರ್ಶನದ ಕೋಣೆಯಲ್ಲಿ ಕಳೆದ ವರ್ಷದ್ದೇ ಮೇಜು, ಅದರ ಮೇಲೆ ಅದೇ ಹಸಿರು ಬಟ್ಟೆ. ಅಂಕ ಹಾಕುವ ಮೇಡಂ ಪಕ್ಕಕ್ಕೆ ಕೂತಿದ್ದರು. ರೋಗಿಯಾಗಿದ್ದ ಪ್ರೊಫೆಸರು ಪಾತ್ರಕ್ಕೆ ಕಳೆ ಬರಲೆಂದು ಸೆಕೆಯಲ್ಲೂ ಮಫ್ಲರ್ ಸುತ್ತಿಕೊಂಡಿದ್ದರು. ಅವರ ಕೈಯಲ್ಲಿದ್ದ ಕಾರ್ಡಿನ ಪ್ರಕಾರ ಅವರಿಗೆ ಸಕ್ಕರೆ ಕಾಯಿಲೆ. ಅದಕ್ಕೂ ಮಫ್ಲರಿಗೂ ಏನು ಸಂಬಂಧವೋ ನಾನು ಕೇಳಲಿಲ್ಲ.

ಹಾಳೆಯಲ್ಲಿ ಬರೆದುಕೊಂಡಿದ್ದ ಮೊದಲ ಪ್ರಶ್ನೆ, ದಿನಾ ತಪ್ಪದೆ ತಗೋತೀರಾ ಎನ್ನುವುದು. ಅದಕ್ಕೆ ಸಿಗುವ ಉತ್ತರದ ಯೋಗ್ಯತೆ ನನಗೆ ಗೊತ್ತಿತ್ತು.

"ಸರ್, ಈ ಮಾತ್ರೆ ಯಾವ ದಿನ ತಗೊಳ್ಳಲ್ಲ?"

ಪ್ರೊಫೆಸರು ಕಾರ್ಡ್ ನೋಡಿದರು. ತಿರುಗಿಸಿ ಹಿಂಬದಿ ನೋಡಿದರು. "ಅದು... ಇದರಲ್ಲಿ ಕೊಟ್ಟಿಲ್ಲ."

ಚುರುಕಾದ ಹುಡುಗಿಯಾಗಿದ್ದರೆ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದಳು. ನನಗೆ ಮುಂದಿನ ಪ್ರಶ್ನೆ ಮರೆತೇ ಹೋಗಿತ್ತು. ಸುಮ್ಮನೆ ಅವರನ್ನೇ ನೋಡುತ್ತಾ ಕೂತೆ. ಇದಕ್ಕೆ ತಾಳ್ಮೆಯಿಂದ ಆಲಿಸುವುದು ಎಂಬ ಹೆಸರಿದೆಯಂತೆ, ಅಂಕಗಳೂ ಇವೆಯಂತೆ, ಆಮೇಲೆ ತಿಳಿಯಿತು.

ಅವರು ಮಫ್ಲರ್ ಸಡಿಲಿಸಿದರು. ಮೇಡಂ ಕಡೆ ನೋಡಿದರು. ಕೊನೆಗೆ ದನಿ ತಗ್ಗಿಸಿ, "ಹೊರಗೆ ಊಟ ಇದ್ದ ದಿನ," ಎಂದರು. "ಆವತ್ತು ಹೇಗೂ ಸಿಹಿ ತಿಂತೀನಲ್ಲ, ಇನ್ನು ಮಾತ್ರೆ ತಗೊಂಡು ಏನು ಪ್ರಯೋಜನ ಅಂತ."

ಮೇಡಂ ಪೆನ್ನು ನಿಂತಿತು. "ಸರ್, ಇದು ನಮ್ಮ ಕಾರ್ಡಲ್ಲಿಲ್ಲ."

"ವಾರದಲ್ಲಿ ಎಷ್ಟು ಸಲ ಸರ್, ಹೊರಗೆ ಊಟ?" ಎಂದೆ.

"ಸೆಮಿನಾರ್ ಇದ್ದ ವಾರ ಅಂದ್ರೆ..." ಅವರು ಬೆರಳು ಮಡಚತೊಡಗಿದರು. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದರು.

ಅಂಥ ದಿನವೇ ಮಾತ್ರೆ ಬಿಡಬಾರದು ಎಂಬಲ್ಲಿಂದ ಶುರು ಮಾಡಿದೆ. ನಡುವೆ ಗಂಟೆ ಬಾರಿಸಿತು. "ಇರಿ ಮೇಡಂ," ಎಂದರು ಪ್ರೊಫೆಸರು, "ಅವರು ಹೇಳಿ ಮುಗಿಸಲಿ."

ಸೀಟು ಸಿಕ್ಕಿತು. ಎಲ್ಲ ಹುಬ್ಬಿನ ಮಧ್ಯೆ ನೋಡಿದ್ದರ ಫಲ ಎಂದು ಚಿಕ್ಕಪ್ಪ ಈಗಲೂ ಗಿರಾಕಿಗಳಿಗೆ ಹೇಳುತ್ತಿರುತ್ತಾರೆ.

ಸುದ್ದಿ ಬಂದ ಸಂಜೆ ಅಪ್ಪ ಕೌಂಟರಿನಿಂದ ಗಂಟಲು ಕಟ್ಟಿಕೊಂಡು ಮನೆಗೆ ಬಂದರು. ಅಮ್ಮ ಹೇಳಿದಳು. ಅವರು ಶೂ ಬಿಚ್ಚಿ, ನೀರು ಕುಡಿದು, ನನ್ನ ಎದುರಿನ ಕುರ್ಚಿಯಲ್ಲಿ ಕೂತರು.

"ಬಾಳೆಲ್ಲ ಕೌಂಟರಿನ ಹಿಂದೆ ನಿಲ್ಲೋಕೆ ಇಷ್ಟು ಒದ್ದಾಡಿದೆಯಲ್ಲ," ಎಂದರು. "ಮೊದಲೇ ನನ್ನ ಕೇಳಿದ್ರೆ ಹೇಳ್ತಿದ್ದೆ. ಅಲ್ಲಿ ಜನ ಏನೇನೋ ಕೇಳ್ತಾರೆ."

"ಏನು ಕೇಳ್ತಾರಪ್ಪ?"

ಅಪ್ಪ ಹೇಳತೊಡಗಿದರು.